ಹೆಸರು ಕೆಟ್ಟಿತು, ಸಾಲು ಕರಗಲಿಲ್ಲ

ಹಗರಣದ ಸುದ್ದಿ ಹಬ್ಬಿದ ವರ್ಷ ದೊಡ್ಡ ವಿಶ್ವವಿದ್ಯಾಲಯಕ್ಕೆ ಬರುವ ಅರ್ಜಿಗಳು ಎಷ್ಟು ಇಳಿಯುತ್ತವೆ? ಇಳಿದರೆ ಅದರ ಬಿಸಿ ಯಾರಿಗೆ ತಟ್ಟುತ್ತದೆ? ಹಾರ್ವರ್ಡ್ ಮತ್ತು ಮಿಸೌರಿಯ ಲೆಕ್ಕವನ್ನು ತಾರೀಖಿನ ಜೊತೆಗಿಟ್ಟು ನೋಡಿದರೆ, ಎಲ್ಲರೂ ನಂಬಿರುವ ಕಥೆ ಅಲ್ಲಲ್ಲಿ ಹಳಿ ತಪ್ಪುತ್ತದೆ.

2023ರ ಡಿಸೆಂಬರ್ 5. ವಾಷಿಂಗ್ಟನ್‌ನಲ್ಲಿ ಸಂಸದೀಯ ಸಮಿತಿಯೊಂದರ ಮುಂದೆ ಅಮೆರಿಕದ ಮೂರು ಹೆಸರಾಂತ ವಿಶ್ವವಿದ್ಯಾಲಯಗಳ ಅಧ್ಯಕ್ಷೆಯರು ಕೂತಿದ್ದರು. ಹಾರ್ವರ್ಡ್‌ನ ಕ್ಲಾಡಿನ್ ಗೇ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಜ್ ಮಗಿಲ್, ಎಂಐಟಿಯ ಸ್ಯಾಲಿ ಕಾರ್ನ್‌ಬ್ಲೂತ್. ಯಹೂದಿಗಳ ನರಮೇಧಕ್ಕೆ ಕರೆ ಕೊಡುವುದು ನಿಮ್ಮ ಕ್ಯಾಂಪಸ್ಸಿನ ನಿಯಮಕ್ಕೆ ವಿರುದ್ಧವೋ ಅಲ್ಲವೋ ಎಂದು ಸಂಸದೆ ಎಲಿಸ್ ಸ್ಟೆಫಾನಿಕ್ ಪಟ್ಟು ಹಿಡಿದು ಕೇಳಿದರು. ಹೌದು ಅಥವಾ ಇಲ್ಲ ಎಂದರೆ ಸಾಕಿತ್ತು. ಬಂದದ್ದು, ಅದು ಸಂದರ್ಭವನ್ನು ಅವಲಂಬಿಸುತ್ತದೆ ಎಂಬ ವಕೀಲಿ ಧಾಟಿಯ ಉತ್ತರ. ಆ ಕೆಲವು ನಿಮಿಷಗಳ ವಿಡಿಯೊ ತುಣುಕು ಜಗತ್ತೆಲ್ಲ ಸುತ್ತಿತು. ನಾಲ್ಕು ದಿನಕ್ಕೆ ಮಗಿಲ್ ರಾಜೀನಾಮೆ ಕೊಟ್ಟರು. ಕೃತಿಚೌರ್ಯದ ಆರೋಪವನ್ನೂ ಮೈಮೇಲೆ ಎಳೆದುಕೊಂಡ ಗೇ ಜನವರಿ 2ರಂದು ಕೆಳಗಿಳಿದರು. 1636ರಲ್ಲಿ ಹುಟ್ಟಿದ ಹಾರ್ವರ್ಡ್‌ನ ಇತಿಹಾಸದಲ್ಲೇ ಅತಿ ಕಡಿಮೆ ಅವಧಿಯ ಅಧ್ಯಕ್ಷಗಿರಿ ಅದು. ಬರೀ ಆರು ತಿಂಗಳು.

ಈ ಗದ್ದಲದ ನಡುವೆಯೇ, ಡಿಸೆಂಬರ್ ಮಧ್ಯದಲ್ಲಿ, ಹಾರ್ವರ್ಡ್ ವಾಡಿಕೆಯಂತೆ ಒಂದು ಅಂಕಿ ಪ್ರಕಟಿಸಿತು. ‘ಅರ್ಲಿ ಆ್ಯಕ್ಷನ್’ ಎಂಬ ಮೊದಲ ಸುತ್ತಿನಲ್ಲಿ ಆ ವರ್ಷ ಬಂದ ಅರ್ಜಿಗಳು 7,921. ಹಿಂದಿನ ವರ್ಷ 9,553 ಬಂದಿದ್ದವು. ಶೇ 17ರಷ್ಟು ಕುಸಿತ, ನಾಲ್ಕು ವರ್ಷಗಳಲ್ಲೇ ಕನಿಷ್ಠ. ಸುದ್ದಿ ಓದಿದವರು ಎರಡೂ ವಿಷಯಕ್ಕೆ ಗಂಟು ಹಾಕಿದರು. ಅಧ್ಯಕ್ಷೆ ಎಡವಿದರು, ಮಕ್ಕಳು ಬೇರೆ ದಾರಿ ಹಿಡಿದರು ಎಂಬ ಕಥೆ ತಾನಾಗಿಯೇ ಸಿದ್ಧವಾಯಿತು.

ಆದರೆ ಮೊದಲ ಸುತ್ತಿನ ಅರ್ಜಿಗೆ ಕೊನೆಯ ದಿನ ನವೆಂಬರ್ 1. ಸಂಸದೀಯ ವಿಚಾರಣೆ ನಡೆದದ್ದು ಅದಾಗಿ ಐದು ವಾರಕ್ಕೆ. ಅರ್ಜಿ ಹಾಕದೇ ಉಳಿದ ಆ ಸಾವಿರದ ಆರುನೂರು ಚಿಲ್ಲರೆ ವಿದ್ಯಾರ್ಥಿಗಳು ಕ್ಲಾಡಿನ್ ಗೇ ಅವರ ಉತ್ತರ ಕೇಳಿ ಬೆನ್ನು ತಿರುಗಿಸಿದವರಾಗಿರಲು ಸಾಧ್ಯವೇ ಇಲ್ಲ.

ತಾರೀಖು ಹೇಳುವ ಸತ್ಯ

ನವೆಂಬರ್ 1ಕ್ಕೆ ಮೊದಲು ಏನೇನಾಗಿತ್ತು? ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದು ಮಾಡಿತ್ತು. ಆ ಮೊಕದ್ದಮೆಯಲ್ಲಿ ಪ್ರತಿವಾದಿಯ ಹೆಸರೇ ಹಾರ್ವರ್ಡ್. ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆಯಿತು. ಅದರ ಬೆನ್ನಿಗೇ ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿ ಸಂಘಟನೆಗಳು ನಡೆದದ್ದಕ್ಕೆಲ್ಲ ಇಸ್ರೇಲೇ ಹೊಣೆ ಎಂಬ ಪತ್ರಕ್ಕೆ ಸಹಿ ಹಾಕಿದವು. ಆ ಸಂಘಟನೆಗಳ ಸದಸ್ಯರೆನ್ನಲಾದ ಹುಡುಗ ಹುಡುಗಿಯರ ಫೋಟೊ ಮತ್ತು ಹೆಸರನ್ನು ದೊಡ್ಡ ಪರದೆಯಲ್ಲಿ ಬೆಳಗಿಸುತ್ತ ಲಾರಿಯೊಂದು ಹಾರ್ವರ್ಡ್ ಚೌಕದ ಸುತ್ತ ತಿರುಗಿತು. ಹದಿನೇಳು ವರ್ಷದ ಮಗುವನ್ನು ಆ ಊರಿಗೆ ಕಳಿಸಬೇಕೆಂದಿದ್ದ ತಂದೆ ತಾಯಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಎದೆ ಧಸಕ್ಕೆನ್ನಲು ಆ ಲಾರಿಯ ಚಿತ್ರವೊಂದೇ ಸಾಕಿತ್ತು.

ಇನ್ನು ಎರಡನೇ ಸುತ್ತು. ಅದರ ಗಡುವು ಜನವರಿ 1, ಅಂದರೆ ಗೇ ರಾಜೀನಾಮೆಗೆ ಒಂದೇ ದಿನ ಮುಂಚೆ. ವಿಚಾರಣೆಯ ವಿಡಿಯೊ, ದಾನಿಗಳ ಬೆದರಿಕೆ, ಕೃತಿಚೌರ್ಯದ ಆರೋಪ, ಹೀಗೆ ಕೆಟ್ಟ ಸುದ್ದಿ ಉತ್ತುಂಗಕ್ಕೇರಿದ್ದ ಹೊತ್ತು. ಒಟ್ಟು ಅರ್ಜಿಗಳು 56,937ರಿಂದ 54,008ಕ್ಕೆ ಇಳಿದವು, ಸುಮಾರು ಶೇ 5ರ ಇಳಿಕೆ. ಇದರಲ್ಲಿ ಮೊದಲ ಸುತ್ತಿನದನ್ನು ಕಳೆದರೆ, ಎರಡನೇ ಸುತ್ತಿನ ಅರ್ಜಿಗಳು 47,384ರಿಂದ 46,087ಕ್ಕೆ ಬಂದಂತಾಯಿತು. ಇಳಿಕೆ ಶೇ 3ಕ್ಕಿಂತ ಕಡಿಮೆ. ಸುದ್ದಿಯ ಬೆಂಕಿ ಜೋರಾಗಿದ್ದಾಗ ಇಳಿಕೆ ಸಣ್ಣದು, ಕಿಡಿ ಹತ್ತಿಕೊಳ್ಳುತ್ತಿದ್ದಾಗ ದೊಡ್ಡದು.

ಈ ಒಗಟಿಗೆ ಉತ್ತರ ಎರಡು ಸುತ್ತುಗಳ ಸ್ವಭಾವದಲ್ಲೇ ಇದೆ. ಮೊದಲ ಸುತ್ತಿನಲ್ಲಿ ಹಾರ್ವರ್ಡ್‌ಗೆ ಅರ್ಜಿ ಹಾಕಿದವರು ಅದೇ ಸುತ್ತಿನಲ್ಲಿ ಯೇಲ್‌ಗೋ ಪ್ರಿನ್ಸ್‌ಟನ್‌ಗೋ ಹಾಕುವಂತಿಲ್ಲ. ಮೊದಲ ಮಣೆ ಯಾರಿಗೆ ಎಂದು ಅಲ್ಲಿ ತೀರ್ಮಾನಿಸಲೇಬೇಕು. ಎರಡನೇ ಸುತ್ತಿಗೆ ಆ ಕಟ್ಟುಪಾಡಿಲ್ಲ. ‘ಕಾಮನ್ ಆ್ಯಪ್’ ಎಂಬ ಏಕಗವಾಕ್ಷಿಯಲ್ಲಿ ಒಮ್ಮೆ ವಿವರ ತುಂಬಿ, ಒಂದಿಷ್ಟು ಹೆಚ್ಚುವರಿ ಪ್ರಬಂಧ ಬರೆದು, ಹತ್ತು ಹದಿನೈದು ಕಡೆ ಕಳಿಸುವುದು ಈಗ ಮಾಮೂಲು. ಆ ಪಟ್ಟಿಯಲ್ಲಿ ಹಾರ್ವರ್ಡ್ ಇದ್ದರೆ ಕಳೆದುಕೊಳ್ಳುವುದೇನು? ಬಂದರೆ ಬರಲಿ. ಹೀಗಾಗಿ ಮೊದಲ ಪ್ರೀತಿಯನ್ನು ಅಲುಗಾಡಿಸಿದ ಕೆಟ್ಟ ಹೆಸರು, ಲಾಟರಿ ಚೀಟಿಯನ್ನು ಮಾತ್ರ ಹಾಗೇ ಬಿಟ್ಟಿತು. ಸುಪ್ರೀಂ ಕೋರ್ಟ್ ತೀರ್ಪಿನಿಂದ ಗೊಂದಲಕ್ಕೆ ಬಿದ್ದವರು, ಮೊದಲ ಸುತ್ತು ತಪ್ಪಿಸಿ ಎರಡನೆಯದರಲ್ಲಿ ಹಾಕಿದವರೂ ಈ ಲೆಕ್ಕದೊಳಗೆ ಸೇರಿರುತ್ತಾರೆ. ಎಲ್ಲವನ್ನೂ ಹಗರಣದ ಖಾತೆಗೆ ಬರೆಯುವಂತಿಲ್ಲ.

ಪಕ್ಕದ ಮನೆಯಲ್ಲಿ ಏನಾಯಿತು?

ಒಂದು ಸಂಸ್ಥೆಯ ಅರ್ಜಿ ಇಳಿದರೆ ಕಾರಣ ಆ ಸಂಸ್ಥೆಯದೋ ಇಡೀ ಓಣಿಯದೋ ಎಂದು ತಿಳಿಯಲು ಅಕ್ಕಪಕ್ಕ ನೋಡಬೇಕು. ಅದೇ ವರ್ಷ ಯೇಲ್‌ಗೆ ಬಂದ ಅರ್ಜಿಗಳು 52 ಸಾವಿರದ ಆಸುಪಾಸಿನಿಂದ 57 ಸಾವಿರ ದಾಟಿದವು, ಸುಮಾರು ಶೇ 10ರ ಏರಿಕೆ. ಕೊಲಂಬಿಯಾ ಕೂಡ 57 ಸಾವಿರದಿಂದ 60 ಸಾವಿರಕ್ಕೆ ಏರಿತು. ಈ ಇಬ್ಬರಿಗೂ ಸುಗ್ಗಿ, ಹಾರ್ವರ್ಡ್‌ಗೆ ಇಳಿಕೆ. ಇಲ್ಲಿ ಕೆಟ್ಟ ಹೆಸರಿನ ಕೈವಾಡ ಇದೆ ಎನ್ನಲು ಆಧಾರವುಂಟು.

ಆದರೆ ಪೆನ್ಸಿಲ್ವೇನಿಯಾ? ಅಲ್ಲಿನ ಅಧ್ಯಕ್ಷೆಯೂ ಅದೇ ಮೇಜಿನ ಮುಂದೆ ಕೂತಿದ್ದರು, ಅದೇ ಬಗೆಯ ಉತ್ತರ ಕೊಟ್ಟಿದ್ದರು, ಎಲ್ಲರಿಗಿಂತ ಮೊದಲು ಹುದ್ದೆ ಬಿಟ್ಟವರೂ ಅವರೇ. ಅಲ್ಲಿಗೆ ಬಂದ ಅರ್ಜಿಗಳು 59 ಸಾವಿರದಿಂದ 65 ಸಾವಿರಕ್ಕೆ ಜಿಗಿದು ದಾಖಲೆ ಬರೆದವು. ಒಂದೇ ದಿನ, ಒಂದೇ ಕೋಣೆ, ಒಂದೇ ತಪ್ಪು. ಒಬ್ಬರಿಗೆ ಇಳಿಕೆ, ಇನ್ನೊಬ್ಬರಿಗೆ ಏರಿಕೆ. ಸುದ್ದಿವಾಹಿನಿಗಳ ಶೀರ್ಷಿಕೆಯಲ್ಲಿ ದಿನವೂ ಮೆರೆದದ್ದು ಹಾರ್ವರ್ಡ್ ಹೆಸರು. ಪೆನ್ ಹೆಸರು ಎರಡನೇ ಸಾಲಿಗೆ ಸರಿದಿತ್ತು. ಮಾಡಿದ ತಪ್ಪಿಗಿಂತ ಹೆಸರಿನ ಗಾತ್ರವೇ ಶಿಕ್ಷೆಯನ್ನು ತೂಗಿದಂತಿದೆ.

ಮರುವರ್ಷದ ಕಥೆ ಇನ್ನೂ ಸ್ವಾರಸ್ಯದ್ದು. 2025ರಲ್ಲಿ ಸೇರುವವರಿಗಾಗಿ ಹಾರ್ವರ್ಡ್‌ಗೆ ಬಂದದ್ದು 47,893 ಅರ್ಜಿ. ಶೇ 11ಕ್ಕೂ ಹೆಚ್ಚು ಕುಸಿತ. ಟ್ರಂಪ್ ಸರ್ಕಾರದ ಜೊತೆಗಿನ ಜಟಾಪಟಿಯ ಫಲ ಇದು ಎಂದು ಹೇಳುವವರು ಇದ್ದಾರೆ. ಮತ್ತೆ ತಾರೀಖು ಅಡ್ಡ ಬರುತ್ತದೆ. ಅರ್ಜಿಗೆ ಕೊನೆಯ ದಿನ 2025ರ ಜನವರಿ 1. ಟ್ರಂಪ್ ಅಧಿಕಾರ ವಹಿಸಿಕೊಂಡದ್ದು ಜನವರಿ 20ಕ್ಕೆ. ಹಾರ್ವರ್ಡ್‌ನ ಸಂಶೋಧನಾ ಅನುದಾನಕ್ಕೆ ತಡೆ ಬಿದ್ದದ್ದು ಏಪ್ರಿಲ್‌ನಲ್ಲಿ.

ಹಾಗಾದರೆ ಇಳಿಸಿದ್ದು ಯಾವುದು? ಕೋವಿಡ್ ಕಾಲದಲ್ಲಿ ಕೈಬಿಟ್ಟಿದ್ದ ಎಸ್‌ಎಟಿ, ಎಸಿಟಿ ಪರೀಕ್ಷೆಗಳನ್ನು ಹಾರ್ವರ್ಡ್ ಆ ವರ್ಷದಿಂದ ಮತ್ತೆ ಕಡ್ಡಾಯ ಮಾಡಿತ್ತು. ಅಂಕ ಕೇಳಿದ ಕೂಡಲೇ ಅರ್ಜಿ ಇಳಿಯುತ್ತದೆ ಎಂಬುದಕ್ಕೆ ಎಂಐಟಿಯೇ ಸಾಕ್ಷಿ. 2022ರಲ್ಲಿ ಅದು ಪರೀಕ್ಷೆಯನ್ನು ಮತ್ತೆ ತಂದಾಗ, ಯಾವ ಹಗರಣವೂ ಇಲ್ಲದೆ, ಅರ್ಜಿಗಳು 33 ಸಾವಿರಕ್ಕೂ ಮೇಲಿನಿಂದ 26,914ಕ್ಕೆ ಬಿದ್ದವು. ಹಾರ್ವರ್ಡ್ ಜೊತೆಗೇ ಪರೀಕ್ಷಾ ಅಂಕಗಳಿಗೆ ಮರಳಿದ ಯೇಲ್ ಕೂಡ ಆ ವರ್ಷ 57 ಸಾವಿರದಿಂದ 50 ಸಾವಿರದ ಆಸುಪಾಸಿಗೆ ಇಳಿಯಿತು, ಹೆಚ್ಚುಕಡಿಮೆ ಹಾರ್ವರ್ಡ್‌ನಷ್ಟೇ. ಇತ್ತ ಕೊಲಂಬಿಯಾದಲ್ಲಿ 2024ರ ವಸಂತದಲ್ಲಿ ಡೇರೆ ಹೂಡಿದ ಪ್ರತಿಭಟನೆ, ಹ್ಯಾಮಿಲ್ಟನ್ ಹಾಲ್ ವಶ, ಪೊಲೀಸರ ಪ್ರವೇಶ, ಆಗಸ್ಟ್‌ನಲ್ಲಿ ಅಧ್ಯಕ್ಷೆ ಮಿನೂಷ್ ಶಫೀಕ್ ರಾಜೀನಾಮೆ, ಇಷ್ಟೆಲ್ಲ ನಡೆದರೂ ಅರ್ಜಿಗಳು 59,616. ಇಳಿಕೆ ಬರೀ ಶೇ 1. ಆ ವರ್ಷ ಕೊಲಂಬಿಯಾ ಪರೀಕ್ಷಾ ಅಂಕವನ್ನು ಕಡ್ಡಾಯ ಮಾಡಿರಲಿಲ್ಲ.

ವರ್ಷವಿಡೀ ಟಿ.ವಿ.ಯಲ್ಲಿ ಕಂಡ ಗಲಭೆ ಶೇ 1ರಷ್ಟನ್ನು ಕರಗಿಸಿದರೆ, ಎಸ್‌ಎಟಿ ಅಂಕ ಕಳಿಸಿ ಎಂಬ ಒಂದು ಸಾಲು ಅದರ ಹತ್ತು ಪಟ್ಟು ಕರಗಿಸುತ್ತದೆ. ಅರ್ಜಿ ಇಳಿದ ಸುದ್ದಿ ಕಂಡಾಗಲೆಲ್ಲ ಮೊದಲು ನೋಡಬೇಕಾದದ್ದು ನಿಯಮಾವಳಿ. ಹಗರಣದ ಸರದಿ ಆಮೇಲೆ.

ಹಾರ್ವರ್ಡ್‌ನಲ್ಲೇ ಹುಟ್ಟಿದ ಅಧ್ಯಯನ

ಹಾಗೆಂದು ಕೆಟ್ಟ ಸುದ್ದಿಗೆ ಬಲವೇ ಇಲ್ಲವೆಂದಲ್ಲ. ಅದನ್ನು ಅಳೆದು ತೋರಿಸಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದಲೇ ಬಂದ ಒಂದು ಪ್ರಬಂಧ. ಮೈಕಲ್ ಲೂಕಾ, ಪ್ಯಾಟ್ರಿಕ್ ರೂನಿ ಮತ್ತು ಜೊನಾಥನ್ ಸ್ಮಿತ್ 2016ರಲ್ಲಿ ಹೊರತಂದ ಅಧ್ಯಯನ, 2001ರಿಂದ 2013ರವರೆಗೆ ಅಮೆರಿಕದ ಮೊದಲ ನೂರು ರ್‍ಯಾಂಕಿನ ವಿಶ್ವವಿದ್ಯಾಲಯಗಳ ಹಗರಣಗಳನ್ನು ಪಟ್ಟಿ ಮಾಡಿತು. ಲೈಂಗಿಕ ದೌರ್ಜನ್ಯ, ಕೊಲೆ, ಪರೀಕ್ಷಾ ವಂಚನೆ, ರ್‍ಯಾಗಿಂಗ್ ಎಂಬ ನಾಲ್ಕು ಬಗೆ. ಘಟನೆಯ ಭೀಕರತೆಯನ್ನು ಅಳೆಯುವುದು ಕಷ್ಟ. ಹಾಗಾಗಿ ಅವರು ಅಳೆದದ್ದು ಸುದ್ದಿಯ ಪ್ರಮಾಣವನ್ನು.

ಫಲಿತಾಂಶ ಹೀಗಿತ್ತು. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಐದಕ್ಕಿಂತ ಹೆಚ್ಚು ಬಾರಿ ಪ್ರಸ್ತಾಪವಾದ ಹಗರಣದ ಮರುವರ್ಷ ಅರ್ಜಿಗಳು ಸುಮಾರು ಶೇ 9ರಷ್ಟು ಇಳಿದವು. ನಿಯತಕಾಲಿಕದಲ್ಲಿ ಉದ್ದನೆಯ ಲೇಖನವಾಗಿ ಬಂದ ಹಗರಣಕ್ಕೆ ಇಳಿಕೆ ಶೇ 10. ‘ಯು.ಎಸ್. ನ್ಯೂಸ್’ ರ್‍ಯಾಂಕಿಂಗ್‌ನಲ್ಲಿ ಹತ್ತು ಸ್ಥಾನ ಜಾರಿದರೆ ಆಗುವಷ್ಟೇ ನಷ್ಟ. ಅಷ್ಟಾಗಿ ಸುದ್ದಿಯಾಗದ ಹಗರಣಗಳಿಂದ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಪುರವಣಿಗಳಿಗೆ ಉದ್ದುದ್ದ ಬರೆಯುವ ನಮ್ಮಂಥವರು ಇದನ್ನು ಓದಿ ಬೀಗಬಹುದು. ಆದರೆ ಆ ಮಾತಿನ ಒಳಗೇ ಒಂದು ಕಹಿ ಇದೆ. ಕ್ಯಾಂಪಸ್ಸಿನಲ್ಲಿ ಒಬ್ಬ ಹುಡುಗಿಗೆ ಆದ ಅನ್ಯಾಯ ಪತ್ರಿಕೆಯ ಕಣ್ಣಿಗೆ ಬೀಳದಿದ್ದರೆ, ಅರ್ಜಿಯ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ, ಚರ್ಚೆಯಾದದ್ದು ಕಡಿಮೆ. ಒಮ್ಮೆ ಹಗರಣದಲ್ಲಿ ಸಿಕ್ಕಿಬಿದ್ದ ಸಂಸ್ಥೆಯಲ್ಲಿ ಮುಂದಿನ ಕೆಲವು ವರ್ಷ ಇನ್ನೊಂದು ಹಗರಣ ಹೊರಬರುವ ಸಾಧ್ಯತೆ ತಗ್ಗುತ್ತದೆ. ಪೆಟ್ಟು ತಿಂದ ಆಡಳಿತ ಎಚ್ಚೆತ್ತು ಮನೆ ಸರಿಮಾಡಿಕೊಳ್ಳುತ್ತದೆ ಎಂಬ ಒಳ್ಳೆಯ ಅರ್ಥ ಇದಕ್ಕುಂಟು. ಮುಚ್ಚಿಡುವುದನ್ನು ಕಲಿಯುತ್ತದೆ ಎಂಬ ಅರ್ಥವನ್ನೂ ತಳ್ಳಿಹಾಕುವಂತಿಲ್ಲ. ಹೊರಬಿದ್ದ ಸುದ್ದಿಯನ್ನಷ್ಟೇ ಎಣಿಸುವವರಿಗೆ ಇವೆರಡರ ವ್ಯತ್ಯಾಸ ಕಾಣುವುದಿಲ್ಲ.

ಸುದ್ದಿ ಸುಳ್ಳಾದರೆ? 2014ರ ನವೆಂಬರ್‌ನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಾಮೂಹಿಕ ಅತ್ಯಾಚಾರ ನಡೆದಿದೆ ಎಂಬ ದೀರ್ಘ ವರದಿ ಪ್ರಕಟಿಸಿತು. ವಾರಗಳಲ್ಲೇ ಅದರಲ್ಲಿ ಬಿರುಕು ಕಾಣಿಸಿಕೊಂಡಿತು. ಕೊಲಂಬಿಯಾ ಪತ್ರಿಕೋದ್ಯಮ ಶಾಲೆಯ ತನಿಖಾ ವರದಿಯ ನಂತರ, 2015ರ ಏಪ್ರಿಲ್‌ನಲ್ಲಿ, ಪತ್ರಿಕೆ ಲೇಖನವನ್ನೇ ಹಿಂತೆಗೆದುಕೊಂಡಿತು. ಆ ವರ್ಷ ವರ್ಜೀನಿಯಾಕ್ಕೆ ಬಂದ ಅರ್ಜಿಗಳು 31 ಸಾವಿರದ ಅಂಚಿನಲ್ಲೇ ಇದ್ದವು, ಹಿಂದಿನ ವರ್ಷಕ್ಕಿಂತ ತುಸು ಕಡಿಮೆ. ವರ್ಷವರ್ಷವೂ ಏರುತ್ತಿದ್ದ ಗೆರೆ ಒಂದು ವರ್ಷ ನಿಂತಿತು, ಮರುವರ್ಷ ಮತ್ತೆ ಏರಿತು.

ಕುಖ್ಯಾತಿಯೂ ಒಂದು ಬಗೆಯ ಖ್ಯಾತಿ ಎಂಬ ಮಾತಿಗೂ ಲೆಕ್ಕವಿದೆ. 2010ರಲ್ಲಿ ಜೋನಾ ಬರ್ಗರ್ ಮತ್ತು ಸಂಗಡಿಗರು ಪುಸ್ತಕ ಮಾರಾಟದ ಮೇಲೆ ಕಟು ವಿಮರ್ಶೆಯ ಪರಿಣಾಮವನ್ನು ಅಳೆದರು. ಹೆಸರಾದ ಲೇಖಕರ ಪುಸ್ತಕ ಶೇ 15ರಷ್ಟು ಕಡಿಮೆ ಮಾರಾಟವಾದರೆ, ಅಪರಿಚಿತ ಲೇಖಕರದ್ದು ಶೇ 45ರಷ್ಟು ಹೆಚ್ಚು ಮಾರಾಟವಾಯಿತು. ಬೈಗುಳ ಮರೆತುಹೋಗಿ ಹೆಸರು ನೆನಪಿನಲ್ಲಿ ಉಳಿಯಿತು. ಹಾರ್ವರ್ಡ್‌ಗೆ ಈ ಲಾಭವಿಲ್ಲ. ಕೇಳದವರಿಲ್ಲದ ಹೆಸರಿಗೆ ಕೆಟ್ಟ ಸುದ್ದಿಯಿಂದ ಹೊಸ ಪರಿಚಯ ಸಿಗುವಂತಿಲ್ಲ.

ಹಾಸ್ಟೆಲ್‌ಗೆ ಬೀಗ ಬಿದ್ದ ಕಥೆ

ಅಮೆರಿಕದ ನಡುನಾಡಿನ ಮಿಸೌರಿ ವಿಶ್ವವಿದ್ಯಾಲಯಕ್ಕೆ ಒಂದು ಹಿರಿಮೆ ಇದೆ. ಜಗತ್ತಿನ ಮೊದಲ ಪತ್ರಿಕೋದ್ಯಮ ಶಾಲೆ ಎನಿಸಿಕೊಂಡ ಸಂಸ್ಥೆ 1908ರಲ್ಲಿ ಶುರುವಾದದ್ದು ಅಲ್ಲಿ. ಸುದ್ದಿ ಮಾಡುವುದನ್ನು ಕಲಿಸಿದ ಆ ಕ್ಯಾಂಪಸ್ 2015ರ ನವೆಂಬರ್‌ನಲ್ಲಿ ತಾನೇ ಸುದ್ದಿಯಾಯಿತು. ಜನಾಂಗೀಯ ನಿಂದನೆಯ ಘಟನೆಗಳಿಗೆ ಆಡಳಿತ ಕಿವಿಗೊಡುತ್ತಿಲ್ಲ ಎಂದು ಕಪ್ಪು ವಿದ್ಯಾರ್ಥಿಗಳು ಹೋರಾಟಕ್ಕಿಳಿದರು. ಒಬ್ಬ ವಿದ್ಯಾರ್ಥಿ ಉಪವಾಸ ಕೂತ. ಕೊನೆಗೆ ಫುಟ್‌ಬಾಲ್ ತಂಡದ ಆಟಗಾರರು ಅಧ್ಯಕ್ಷ ಇಳಿಯುವವರೆಗೆ ಆಡುವುದಿಲ್ಲ ಎಂದರು. ನವೆಂಬರ್ 9ರಂದು ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷ ಟಿಮ್ ವುಲ್ಫ್ ಕೆಳಗಿಳಿದರು. ಅಂದೇ ಕುಲಪತಿಯೂ ಹುದ್ದೆ ಬಿಡುವುದಾಗಿ ಪ್ರಕಟಿಸಿದರು.

ಎರಡೇ ವರ್ಷಗಳಲ್ಲಿ ಮೊದಲ ವರ್ಷಕ್ಕೆ ಸೇರುವವರ ಸಂಖ್ಯೆ ಶೇ 35ಕ್ಕೂ ಹೆಚ್ಚು ಕುಸಿಯಿತು. ಏಳು ಹಾಸ್ಟೆಲ್‌ಗಳಿಗೆ ತಾತ್ಕಾಲಿಕವಾಗಿ ಬೀಗ ಬಿತ್ತು. ನಾನೂರಕ್ಕೂ ಹೆಚ್ಚು ಹುದ್ದೆಗಳು ರದ್ದಾದವು. ವಿದ್ಯಾರ್ಥಿಗಳಿಲ್ಲದ ಕೋಣೆಗಳನ್ನು ಫುಟ್‌ಬಾಲ್ ಪಂದ್ಯ ನೋಡಲು ಬರುವವರಿಗೆ ಬಾಡಿಗೆಗೆ ಕೊಡುವ ಸ್ಥಿತಿ ಬಂತು.

ಹೋಗದೇ ಉಳಿದವರು ಯಾರು? 2016ರ ಮೊದಲ ವರ್ಷದ ದಾಖಲಾತಿಯಲ್ಲಿ ಬಿಳಿಯ ವಿದ್ಯಾರ್ಥಿಗಳು ಶೇ 21ರಷ್ಟು ಕಡಿಮೆಯಾದರೆ, ಕಪ್ಪು ವಿದ್ಯಾರ್ಥಿಗಳು ಶೇ 42ರಷ್ಟು ಕಡಿಮೆಯಾದರು. ಒಂದೇ ಸುದ್ದಿಯನ್ನು ಎರಡು ಮನೆಗಳು ಎರಡು ರೀತಿ ಓದಿದ್ದವು. ಅಲ್ಲಿ ಬರೀ ಧರಣಿ, ಘೋಷಣೆ, ಪಾಠ ನಡೆಯುವುದಿಲ್ಲ ಎಂದು ಒಂದು ಮನೆ ಅಂದುಕೊಂಡಿತು. ನಮ್ಮ ಮಗುವಿಗೆ ಅಲ್ಲಿ ಮರ್ಯಾದೆಯಿಲ್ಲ, ರಕ್ಷಣೆಯಿಲ್ಲ ಎಂದು ಇನ್ನೊಂದು ಮನೆ. ಎರಡೂ ಬೇರೆ ಕಾಲೇಜು ಹುಡುಕಿಕೊಂಡವು. ಮರ್ಯಾದೆಗಾಗಿ ಹೋರಾಡಿದವರ ಸಮುದಾಯವೇ ಎರಡರಷ್ಟು ಪ್ರಮಾಣದಲ್ಲಿ ದೂರ ಸರಿದದ್ದು ಈ ಪ್ರಕರಣದ ದುರಂತ. ಆಮೇಲಿನ ವರ್ಷಗಳಲ್ಲಿ ದಾಖಲಾತಿ ಚೇತರಿಸಿಕೊಂಡಿತು. ಆದರೆ ಹುದ್ದೆ ಕಳೆದುಕೊಂಡವರ ಪಾಲಿಗೆ ಆ ಚೇತರಿಕೆ ತಡವಾಗಿತ್ತು.

ಹಾರ್ವರ್ಡ್‌ಗೂ ಮಿಸೌರಿಗೂ ಇರುವ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ. 2024ರಲ್ಲಿ ಹಾರ್ವರ್ಡ್ ಪ್ರವೇಶ ಕೊಟ್ಟದ್ದು 1,937 ಮಂದಿಗೆ. ಒಂದೊಂದು ಸೀಟಿಗೆ 28 ಅರ್ಜಿ. ಮರುವರ್ಷ, ಅಷ್ಟು ದೊಡ್ಡ ಇಳಿಕೆಯ ನಂತರವೂ, 2,003 ಮಂದಿಗೆ ಪ್ರವೇಶ, ಒಂದೊಂದು ಸೀಟಿಗೆ 24 ಅರ್ಜಿ. ಮದುವೆ ಮನೆಯಲ್ಲಿ ಪ್ರತಿ ಎಲೆಯ ಹಿಂದೆ ಇಪ್ಪತ್ತೆಂಟು ಜನ ಕಾದು ನಿಂತಿರುವಾಗ ನಾಲ್ವರು ಬೇಸರಗೊಂಡು ಮನೆಗೆ ಹೋದರೆ ಪಂಕ್ತಿ ಖಾಲಿ ಬೀಳುವುದಿಲ್ಲ. ಮಿಸೌರಿಯಲ್ಲಿ ಪ್ರತಿ ಎಲೆಗೂ ಒಬ್ಬೊಬ್ಬರನ್ನು ಕರೆದು ಕೂರಿಸಬೇಕು. ಅಲ್ಲಿ ಅರ್ಜಿ ಹಾಕಿದ ಬಹುಪಾಲು ಮಂದಿಗೆ ಸೀಟು ಸಿಗುತ್ತದೆ, ಹಾಗಾಗಿ ಅರ್ಜಿ ಇಳಿದರೆ ದಾಖಲಾತಿ ಇಳಿಯುತ್ತದೆ, ದಾಖಲಾತಿ ಇಳಿದರೆ ಶುಲ್ಕ, ಶುಲ್ಕ ಇಳಿದರೆ ಸಂಬಳ. ಕೆಟ್ಟ ಹೆಸರು ಹಾರ್ವರ್ಡ್‌ಗೆ ಮುಜುಗರ, ಮಿಸೌರಿಗೆ ಅನ್ನದ ಪ್ರಶ್ನೆ.

ಹಾರ್ವರ್ಡ್‌ನಲ್ಲಿ ದೂರ ಸರಿದವರಿಂದ ಉಳಿದವರಿಗೆ ಲಾಭವೂ ಆಯಿತು. ಗಲಾಟೆಯ ವರ್ಷದ ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದವರ ಪೈಕಿ ಶೇ 8.7 ಮಂದಿ ಆಯ್ಕೆಯಾದರು. ಹಿಂದಿನ ವರ್ಷ ಅದು ಶೇ 7.6 ಇತ್ತು. ಹಾರ್ವರ್ಡ್ ಕರೆದ ಮೇಲೆ ಒಲ್ಲೆ ಎನ್ನುವವರು ಈಗಲೂ ವಿರಳ. ಕರೆ ಬಂದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಹೋಗಿ ಸೇರುತ್ತಾರೆ. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. 2024ರ ಆರ್ಥಿಕ ವರ್ಷದಲ್ಲಿ ಅದಕ್ಕೆ ಬಂದ ದೇಣಿಗೆ ಹಿಂದಿನ ವರ್ಷಕ್ಕಿಂತ 15 ಕೋಟಿ ಡಾಲರಿಗೂ ಹೆಚ್ಚು ತಗ್ಗಿತು, ಸುಮಾರು ಶೇ 14ರ ಇಳಿಕೆ. ಸೀಟಿಗಾಗಿ ಕಾಯುವ ಹದಿನೇಳರ ಹರೆಯದವರಿಗಿಂತ ಚೆಕ್ ಬರೆಯುವ ಹಳೆಯ ವಿದ್ಯಾರ್ಥಿಗಳ ಮುನಿಸು ಹಾರ್ವರ್ಡ್‌ಗೆ ದುಬಾರಿಯಾಯಿತು.

ಬೆಂಗಳೂರಿನ ಮನೆಗಳಲ್ಲಿ

ಹಾರ್ವರ್ಡ್‌ನಲ್ಲಿ ಭಾರತದಿಂದ ಹೋದ ವಿದ್ಯಾರ್ಥಿಗಳು ಮತ್ತು ಸಂಶೋಧಕರು 788 ಮಂದಿ ಇದ್ದಾರೆ ಎಂಬ ಲೆಕ್ಕ 2025ರ ಮೇ ತಿಂಗಳಲ್ಲಿ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬಂತು. ಮೇ 22ರಂದು ಅಮೆರಿಕ ಸರ್ಕಾರ, ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡ್‌ನ ಅನುಮತಿಯನ್ನೇ ಕಿತ್ತುಕೊಂಡಿತ್ತು. ಮರುದಿನವೇ ನ್ಯಾಯಾಲಯ ತಡೆ ಕೊಟ್ಟಿತಾದರೂ, ಅದೇ ತಿಂಗಳ ಕೊನೆಗೆ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸದಾಗಿ ದಿನ ಕೊಡುವುದನ್ನು ಅಮೆರಿಕ ಕೆಲವು ವಾರ ನಿಲ್ಲಿಸಿತು. ಬೆಂಗಳೂರಿನಲ್ಲಿ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿತ್ತು, ಆದರೆ ವೀಸಾ ಸೇವೆ ಶುರುವಾಗಿರಲಿಲ್ಲ. ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿದ್ದ ನಮ್ಮ ಹುಡುಗರು ದಿನ ಸಿಕ್ಕೀತೇ ಎಂದು ಮಧ್ಯರಾತ್ರಿ ಮೊಬೈಲ್ ಪರದೆ ಉಜ್ಜುತ್ತ ಕೂತರು.

ಇದನ್ನು ಕೆಟ್ಟ ಪ್ರಚಾರ ಎನ್ನಲಾಗದು. ಸುದ್ದಿ ಕೇಳಿ ಹಿಂಜರಿಯುವುದು ಬೇರೆ, ಬಾಗಿಲೇ ಮುಚ್ಚೀತೆಂದು ಹೆದರುವುದು ಬೇರೆ. ಮೊದಲನೆಯದರಲ್ಲಿ ಆಯ್ಕೆ ನಮ್ಮದು. ‘ಹಾರ್ವರ್ಡ್ ಅಂದ್ರೆ ಹಾರ್ವರ್ಡೇ ಬಿಡಿ, ಗಲಾಟೆ ಎಲ್ಲಿ ಇರಲ್ಲ’ ಎಂದು ಜಯನಗರದ ಅಪ್ಪ ಹೇಳಬಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಕಳಿಸಿದ ಮೇಲೆ ಮಧ್ಯದಲ್ಲಿ ವಾಪಸ್ ಬರಬೇಕಾದರೆ ಎಂಬ ಪ್ರಶ್ನೆಗೆ ಅದೇ ಅಪ್ಪನ ಬಳಿ ಅಷ್ಟು ಸಲೀಸಾದ ಉತ್ತರವಿಲ್ಲ.

ನಮ್ಮಲ್ಲಿನ ಪ್ರವೇಶ ವ್ಯವಸ್ಥೆ ಬೇರೆಯದೇ. ಸಿಇಟಿ ಬರೆದು, ರ್‍ಯಾಂಕ್ ಹಿಡಿದು, ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಮೇಲೆ ಕೆಳಗೆ ಮಾಡುವ ನಮಗೆ ಒಂದೊಂದು ಕಾಲೇಜಿಗೂ ಅರ್ಜಿ ಹಾಕುವ ಪ್ರಶ್ನೆಯಿಲ್ಲ. ಆದ್ದರಿಂದ ಹೆಸರು ಕೆಟ್ಟ ಕಾಲೇಜಿನ ಅರ್ಜಿ ಇಳಿಯಿತು ಎಂಬ ಸುದ್ದಿ ಇಲ್ಲಿ ಹುಟ್ಟುವುದೇ ಇಲ್ಲ. ಪೆಟ್ಟು ಬಿದ್ದರೆ ಅದು ಕಟ್-ಆಫ್ ರ್‍ಯಾಂಕಿನಲ್ಲಿ, ಕಾಲೇಜಿನ ಹೆಸರು ಪಟ್ಟಿಯಲ್ಲಿ ಎರಡು ಮೂರು ಸ್ಥಾನ ಕೆಳಗೆ ಸರಿಯುವುದರಲ್ಲಿ ಕಾಣಬೇಕು. ‘ಅಲ್ಲಿ ಸರಿಯಿಲ್ವಂತೆ’ ಎಂಬ ಪಿಸುಮಾತು ಪತ್ರಿಕೆಗಿಂತ ಮುಂಚೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿ ಕೆಲಸ ಮುಗಿಸಿರುತ್ತದೆ.

ಯಾವ ಅಂಕಿ ತೋರಿಸುತ್ತಾರೆ, ಯಾವುದನ್ನು ಬಚ್ಚಿಡುತ್ತಾರೆ

ಅರ್ಜಿಗಳ ಸಂಖ್ಯೆಗೆ ಇಷ್ಟು ಬೆಲೆ ಬಂದದ್ದು ರ್‍ಯಾಂಕಿಂಗ್ ಹುಚ್ಚಿನಿಂದ. ಹೆಚ್ಚು ಮಂದಿಯನ್ನು ಕರೆಸಿ ಹೆಚ್ಚು ಮಂದಿಯನ್ನು ತಿರಸ್ಕರಿಸಿದರೆ ಸಂಸ್ಥೆ ಶ್ರೇಷ್ಠವೆನಿಸಿಕೊಳ್ಳುತ್ತಿತ್ತು. ಎಷ್ಟು ಶೇಕಡ ಮಂದಿಗೆ ಪ್ರವೇಶ ಸಿಕ್ಕಿತೆಂಬುದನ್ನು ‘ಯು.ಎಸ್. ನ್ಯೂಸ್’ 2018ರಲ್ಲಿ ತನ್ನ ಲೆಕ್ಕದಿಂದ ಕೈಬಿಟ್ಟಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್, ಅರ್ಜಿಗಳ ಅಂಕಿಯನ್ನು ಪ್ರವೇಶ ಕಾಲದಲ್ಲಿ ಘೋಷಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಪ್ರಿನ್ಸ್‌ಟನ್ ಅದೇ ಹಾದಿ ಹಿಡಿಯಿತು. ಹಾರ್ವರ್ಡ್ 2025ರ ಮಾರ್ಚ್‌ನಲ್ಲಿ, ಫಲಿತಾಂಶ ಕೊಟ್ಟ ದಿನ, ಸಂಖ್ಯೆಯ ಬಗ್ಗೆ ತುಟಿ ಬಿಚ್ಚಲಿಲ್ಲ. 47,893 ಎಂಬ ಅಂಕಿ ಹೊರಬಿದ್ದದ್ದು ಅಕ್ಟೋಬರ್‌ನಲ್ಲಿ. ಮಕ್ಕಳ ಆತಂಕ ತಗ್ಗಿಸುವುದು ಇದರ ಉದ್ದೇಶ ಎಂಬ ಸಮರ್ಥನೆ ಕೇಳಲು ಹಿತವಾಗಿದೆ. ಆದರೆ ಏರುವಾಗ ವರ್ಷವರ್ಷವೂ ಡಂಗುರ ಸಾರಿದ ಅಂಕಿಯನ್ನು ಇಳಿಯುವ ಕಾಲಕ್ಕೆ ಕಪಾಟಿಗೆ ಸೇರಿಸುವ ಅನುಕೂಲವೂ ಅದರಿಂದ ಸಿಗುತ್ತದೆ.

ಸಾಲು ಉದ್ದ ಇರುವವರಿಗೆ ಮಾತ್ರ ದಕ್ಕುವ ಸವಲತ್ತು ಇದು. ಮಿಸೌರಿ ತನ್ನ ಖಾಲಿ ಹಾಸ್ಟೆಲನ್ನು ಬಚ್ಚಿಡಲಾರದು. ಅರ್ಜಿ ಇಳಿಯುತ್ತದೆ ಎಂಬ ಭಯವೇ ವಿಶ್ವವಿದ್ಯಾಲಯಗಳನ್ನು ನೆಟ್ಟಗೆ ಇಡುತ್ತದೆ ಎನ್ನುವವರು ಈ ಅಸಮತೆಯನ್ನು ಗಮನಿಸಬೇಕು. ಆ ಭಯ ನಡುವಿನವರನ್ನು ಗದರಿಸುತ್ತದೆ. ತುದಿಯಲ್ಲಿರುವವರನ್ನು ಸವರಿಕೊಂಡು ಹೋಗುತ್ತದೆ.

ಮಾರುಕಟ್ಟೆ ಮಾಡದ ಕೆಲಸವನ್ನು ಕಾನೂನು ಮಾಡಬೇಕಾಗುತ್ತದೆ. 1986ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲೇ ಜೀನ್ ಕ್ಲೆರಿ ಎಂಬ ಮೊದಲ ವರ್ಷದ ವಿದ್ಯಾರ್ಥಿನಿಯ ಕೊಲೆಯಾಯಿತು. ಆ ಕ್ಯಾಂಪಸ್ಸಿನಲ್ಲಿ ನಡೆದಿದ್ದ ಅಪರಾಧಗಳ ವಿವರ ತಮಗೆ ಮೊದಲೇ ತಿಳಿದಿದ್ದರೆ ಎಂಬ ಸಂಕಟ ಹೊತ್ತ ತಂದೆ ತಾಯಿ ಹೋರಾಡಿದರು. 1990ರಲ್ಲಿ ಬಂದ ಕಾನೂನಿಗೆ ಈಗ ಆಕೆಯದೇ ಹೆಸರು. ಸರ್ಕಾರದ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ಕ್ಯಾಂಪಸ್ಸಿನ ಅಪರಾಧಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕು. ಈ ಕಾಯ್ದೆ ಮೀರಿದ್ದಕ್ಕೆ ಪೆನ್ ಸ್ಟೇಟ್ 2016ರಲ್ಲಿ ಸುಮಾರು 24 ಲಕ್ಷ ಡಾಲರ್, ಲಿಬರ್ಟಿ ವಿಶ್ವವಿದ್ಯಾಲಯ 2024ರಲ್ಲಿ 1.4 ಕೋಟಿ ಡಾಲರ್ ದಂಡಕ್ಕೆ ಗುರಿಯಾದವು. ಪತ್ರಕರ್ತನೊಬ್ಬ ಬಂದು ಬಗೆದು ತೆಗೆಯುವವರೆಗೆ ಕಾಯದೆ, ಅರ್ಜಿ ಹಾಕುವ ಮುನ್ನವೇ ತಾಯಿಯೊಬ್ಬಳು ಓದಬಹುದಾದ ಲೆಕ್ಕ ಅದು. ಸಂಸ್ಥೆ ಹಾರ್ವರ್ಡ್ ಆಗಿರಲಿ, ಊರ ಕಾಲೇಜಾಗಿರಲಿ, ನಿಯಮ ಒಂದೇ.

ನಮ್ಮ ದೇಶದ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ನಲ್ಲಿ ನೂರಕ್ಕೆ ಹತ್ತು ಅಂಶ ಶಿಕ್ಷಣ ತಜ್ಞರ ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೆ ಮೀಸಲು. ಹೆಸರಿಗೆ ಅಂಕ ಕೊಡುವ ವ್ಯವಸ್ಥೆ ಇದೆ ಎಂದಾಯಿತು. ರ್‍ಯಾಗಿಂಗ್ ದೂರುಗಳೆಷ್ಟು, ಲೈಂಗಿಕ ಕಿರುಕುಳದ ಆಂತರಿಕ ಸಮಿತಿಗೆ ಬಂದ ದೂರುಗಳೆಷ್ಟು, ಇತ್ಯರ್ಥವಾದವು ಎಷ್ಟು ಎಂದು ಮೇ ತಿಂಗಳ ಪೂರ್ಣಪುಟ ಜಾಹೀರಾತಿನಲ್ಲಿ ಪ್ಲೇಸ್‌ಮೆಂಟ್ ಪ್ಯಾಕೇಜಿನ ಪಕ್ಕ ಅಚ್ಚು ಹಾಕಿದ ಕಾಲೇಜು ಯಾವುದಿದೆ? ಹಗರಣ ಹೊರಬಿದ್ದ ಕಾಲೇಜನ್ನು ಪಟ್ಟಿಯಿಂದ ತೆಗೆಯುವುದು ಸುಲಭ, ಒಂದು ಕ್ಲಿಕ್ಕಿನ ಕೆಲಸ. ಹೊರಬೀಳದ ಕಾಲೇಜು ಸುರಕ್ಷಿತ ಎಂದು ನಂಬುವುದೂ ಅಷ್ಟೇ ಸುಲಭ. ಪ್ರವೇಶ ಕಚೇರಿಯ ಕೌಂಟರಿನಲ್ಲಿ ನಿಂತು ಆ ದೂರುಗಳ ಲೆಕ್ಕವನ್ನು ಕೇಳಿ ನೋಡಿ. ಕೊಡುವ ಸಂಸ್ಥೆಯಲ್ಲಿ ಅಂಕಿ ದೊಡ್ಡದಿದ್ದರೂ, ಕೊಡಲು ಒಲ್ಲೆ ಎನ್ನುವ ಸಂಸ್ಥೆಗಿಂತ ಅದು ನಂಬಿಕೆಗೆ ಯೋಗ್ಯ.